ನಡುವಯಸ್ಸಿನ ವಿದ್ಯಾರ್ಥಿಯೂ ಗುರುಗಳೂ

ನಲವತ್ತು ದಾಟಿದ ಮೇಲೆ ಸಂಗೀತಪಾಠಕ್ಕೆ ಕೂಡುವವರು ನಮ್ಮ ಊರುಗಳಲ್ಲಿ ಕಡಿಮೆಯೇನಲ್ಲ. ಮಕ್ಕಳ ಓದು ಒಂದು ದಡ ಸೇರಿತೆಂದು ಹಳೆಯ ಶ್ರುತಿಪೆಟ್ಟಿಗೆಯ ಧೂಳು ಕೊಡವಿದ ಗೃಹಿಣಿ, ನಿವೃತ್ತಿಗೆ ಇನ್ನು ಐದಾರು ವರ್ಷ ಉಳಿದಿರುವ ಬ್ಯಾಂಕಿನ ನೌಕರ, ಹಗಲೆಲ್ಲ ತರಗತಿಯಲ್ಲಿ ಕೂಗಿ ಪಾಠ ಹೇಳಿ ಸಂಜೆ ಮೆಲುದನಿಯಲ್ಲಿ ಸರಳೆವರಸೆ ಹೇಳಿಕೊಳ್ಳುವ ಉಪಾಧ್ಯಾಯಿನಿ, ಹೀಗೆ ಪ್ರತಿಯೊಂದು ಬಡಾವಣೆಯಲ್ಲಿಯೂ ನಾಲ್ಕಾರು ಮಂದಿ ಸಿಕ್ಕುತ್ತಾರೆ. ಚಿಕ್ಕಂದಿನಲ್ಲಿ ಆಗದೆ ಹೋದದ್ದನ್ನು ಈಗಲಾದರೂ ಮಾಡೋಣವೆಂಬ ಆಸೆ ಇವರದು. ಇವರ ಶ್ರದ್ಧೆ ಮಕ್ಕಳ ಶ್ರದ್ಧೆಗಿಂತ ಹೆಚ್ಚಿನದು. ಸಂಕೋಚವೂ ಹಾಗೆಯೇ.

ಎರಡು ಮೂರು ವರ್ಷ ಕಳೆಯುವ ಹೊತ್ತಿಗೆ ಇವರಲ್ಲಿ ಕೆಲವರು ಪಾಠ ಹೇಳುವ ನನ್ನಂಥವರನ್ನು ಕಚೇರಿಯ ಬಿಡುವಿನಲ್ಲೋ ಮದುವೆಮನೆಯಲ್ಲೋ ಬದಿಗೆ ಕರೆದು, ತಗ್ಗಿದ ದನಿಯಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ: "ಸ್ವಾಮಿ, ಗುರುಗಳನ್ನು ಬದಲಾಯಿಸಿದರೆ ತಪ್ಪಾಗುತ್ತದೆಯೆ?" ಕೇಳಿದ ಮರುಕ್ಷಣವೇ ಆ ಕಡೆ ಈ ಕಡೆ ನೋಡುತ್ತಾರೆ, ಯಾರಾದರೂ ಕೇಳಿಸಿಕೊಂಡರೇನೋ ಎಂದು. ಮಕ್ಕಳಿಗೆ ಈ ಕಷ್ಟವಿಲ್ಲ. ಅವರ ಪಾಲಿನ ತೀರ್ಮಾನವನ್ನು ತಾಯಿತಂದೆಯರು ಮಾಡುತ್ತಾರೆ. ಮಗು ಇಂದು ಈ ಬೀದಿಯ ಪಾಠಕ್ಕೆ ಹೋಗುತ್ತದೆ, ಮುಂದಿನ ತಿಂಗಳು ಆ ಬೀದಿಯ ಪಾಠಕ್ಕೆ. ದೊಡ್ಡವರಾದರೋ ತಾವೇ ನಿಶ್ಚಯಿಸಬೇಕು, ತಾವೇ ಹೋಗಿ ಹೇಳಬೇಕು, ಆಮೇಲೆ ತರಕಾರಿ ಅಂಗಡಿಯಲ್ಲಿ ಹಳೆಯ ಗುರುಗಳು ಎದುರಾದಾಗ ಮುಖ ಕೊಟ್ಟು ಮಾತನಾಡಬೇಕು.

ಈ ಪ್ರಶ್ನೆಗೆ ಊರಿನಲ್ಲಿ ಎರಡು ಉತ್ತರಗಳು ಸಿದ್ಧವಾಗಿವೆ. ಹಿರಿಯರು, "ಒಮ್ಮೆ ಗುರುವೆಂದು ಒಪ್ಪಿ ನಮಸ್ಕಾರ ಮಾಡಿದ ಮೇಲೆ ಮುಗಿಯಿತು, ಬಂದದ್ದು ಬರಲಿ" ಎನ್ನುತ್ತಾರೆ. ಕಿರಿಯರು, "ತಿಂಗಳು ತಿಂಗಳು ಹಣ ಕೊಡುತ್ತೀರಿ, ಸರಿಯಿಲ್ಲದಿದ್ದರೆ ಬೇರೆ ಕಡೆ ಹೋಗಿ" ಎನ್ನುತ್ತಾರೆ. ಮೊದಲನೆಯವರಿಗೆ ಗುರುವಿನ ಮನೆ ದೇವಸ್ಥಾನ, ಎರಡನೆಯವರಿಗೆ ಅದು ಬಟ್ಟೆಯಂಗಡಿ. ಎರಡು ಉತ್ತರಗಳಿಂದಲೂ ಕೇಳಿದವರಿಗೆ ಪ್ರಯೋಜನವಿಲ್ಲ. ಏಕೆಂದರೆ ಕಲಿಯುವವರ ಕಂಠದ ಮಾತನ್ನು ಇಬ್ಬರೂ ಎತ್ತುವುದಿಲ್ಲ.

ಗುರುಗಳನ್ನು ಬದಲಿಸಲು ಮನಸ್ಸು ಮಾಡಿದವರು ಸಾಮಾನ್ಯವಾಗಿ ದೊಡ್ಡವರ ಹೆಸರನ್ನು ಎತ್ತುತ್ತಾರೆ. ಮಲ್ಲಿಕಾರ್ಜುನ ಮನ್ಸೂರರು ಬದಲಿಸಲಿಲ್ಲವೆ? ಗಂಗೂಬಾಯಿ ಹಾನಗಲ್ಲರು ಬದಲಿಸಲಿಲ್ಲವೆ? ನಮ್ಮ ಮೈಸೂರು ವಾಸುದೇವಾಚಾರ್ಯರು? ಮಾತು ನಿಜ. ಆದರೆ ಆ ನಿದರ್ಶನಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಮನ್ಸೂರರು ಚಿಕ್ಕ ವಯಸ್ಸಿನಲ್ಲಿ ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯ ಗಾಯನವನ್ನು ವರ್ಷಗಟ್ಟಲೆ ಕಲಿತರು. ಅವರ ಗ್ರಾಮಫೋನ್ ತಟ್ಟೆಗಳು ಬಂದಿದ್ದವು, ಹೆಸರೂ ಬಂದಿತ್ತು. ಅಂಥ ಹೊತ್ತಿನಲ್ಲಿ, 1930ರ ದಶಕದ ನಡುವೆ, ಇಪ್ಪತ್ತೈದರ ಆಸುಪಾಸಿನ ವಯಸ್ಸಿನಲ್ಲಿ, ಜೈಪುರ-ಅತ್ರೌಲಿ ಘರಾಣೆಯ ಮಂಜಿಖಾನರ ಮುಂದೆ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. 1937ರಲ್ಲಿ ಮಂಜಿಖಾನರು ತೀರಿಕೊಂಡರು. ಆಮೇಲೆ ಅವರ ತಮ್ಮ ಭುರ್ಜಿಖಾನರಲ್ಲಿ ಪಾಠ ಮುಂದುವರಿಯಿತು. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲ ಗುರುಗಳಿಂದ ಪಡೆಯಬೇಕಾದುದನ್ನು ಅವರು ಪಡೆದಾಗಿತ್ತು. ಎರಡನೆಯ ಗುರುಗಳ ಬಳಿ ತಮಗೆ ಬೇಕಾದುದು ಏನೆಂಬುದೂ ಅವರಿಗೆ ತಿಳಿದಿತ್ತು. ಮೂರನೆಯ ಗುರುಗಳಾದರೋ ಎರಡನೆಯವರ ದಾರಿಯವರೇ. ಬದಲಾವಣೆ ಮೃತ್ಯು ತಂದುದು, ಶಿಷ್ಯ ತಂದುದಲ್ಲ.

ವಾಸುದೇವಾಚಾರ್ಯರದೂ ಹೀಗೆಯೇ. ಮೈಸೂರಿನಲ್ಲಿ ವೀಣೆ ಪದ್ಮನಾಭಯ್ಯನವರ ಬಳಿ ಅಡಿಪಾಯ ಹಾಕಿಸಿಕೊಂಡು, ಮಹಾರಾಜರ ಆಶ್ರಯ ಪಡೆದು ತಿರುವೈಯಾರಿಗೆ ಹೋಗಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರವರ ಶಿಷ್ಯರಾದರು. ಅದು ಕದ್ದು ಹೋದ ಹೋಗಾಟವಲ್ಲ; ಕಳಿಸಿಕೊಟ್ಟು ಹೋದದ್ದು.

ನಮ್ಮ ಮಾತಿಗೆ ಎಲ್ಲರಿಗಿಂತ ಹತ್ತಿರದವರು ಗಂಗೂಬಾಯಿಯವರು. 1913ರಲ್ಲಿ ಹುಟ್ಟಿದ ಅವರು ಕೃಷ್ಣಾಚಾರ್ಯ ಹುಲಗೂರ ಮತ್ತು ದತ್ತೋಪಂತ ದೇಸಾಯಿಯವರಲ್ಲಿ ಕಲಿತ ಮೇಲೆ ಸವಾಯಿ ಗಂಧರ್ವರ ಶಿಷ್ಯೆಯಾದರು. 1930ರ ದಶಕದ ಕೊನೆಯ ಭಾಗದಲ್ಲಿ ಆ ಪಾಠ ನಿಯತವಾಗಿ ನಡೆಯುವ ಹೊತ್ತಿಗೆ ಅವರು ಮಕ್ಕಳ ತಾಯಿ. ಮುಂಬಯಿಗೆ ಹೋಗಿ ಹಾಡಿ ಬಂದವರು, ತಟ್ಟೆ ಕೊಟ್ಟವರು. ಆದರೂ ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಂಡು ಮತ್ತೆ ರೈಲು ಹಿಡಿದು ಮನೆಗೆ ಬರುತ್ತಿದ್ದರು. ದೂರ ಇಪ್ಪತ್ತು ಕಿಲೋಮೀಟರಿನಷ್ಟು, ಹೆಚ್ಚಲ್ಲ; ಆದರೆ ಮನೆ, ಮಕ್ಕಳು, ಅಡಿಗೆ ಇವುಗಳ ನಡುವೆ ಆ ರೈಲಿನ ಹೊತ್ತನ್ನು ಹೊಂದಿಸುವುದು ಎಂಥದೆಂದು ಮನೆವಾರ್ತೆ ನಡೆಸಿದವರಿಗೆ ಹೇಳಬೇಕಾದ್ದಿಲ್ಲ. ಅಲ್ಲಿ ಆಕೆಗೆ ದೊರೆತದ್ದು ರಾಶಿ ರಾಶಿ ಹೊಸ ಚೀಜುಗಳಲ್ಲ. ಕೆಲವೇ ರಾಗಗಳು, ಒಂದೊಂದು ಸ್ವರಗುಚ್ಛವನ್ನು ಹಿಡಿದು ಅದು ಕಂಠದಲ್ಲಿ ಕೂರುವವರೆಗೆ ಮತ್ತೆ ಮತ್ತೆ ಹೇಳಿಸುವ ಕಟ್ಟುನಿಟ್ಟು. ಅಂದರೆ, ಇನ್ನಷ್ಟು ಹಾಡು ಬೇಕೆಂದು ಅವರು ಹೋದದ್ದಲ್ಲ. ತಮ್ಮ ದನಿಯನ್ನು ಕೇಳಿ ತಿದ್ದುವ ಕಿವಿ ಬೇಕೆಂದು ಹೋದದ್ದು.

ಆ ಕಿವಿಯ ಮಾತೇ ನಾನು ಇಂದು ಮುಖ್ಯವಾಗಿ ಹೇಳಬೇಕೆಂದಿರುವುದು.

ಒಂದು ಸಣ್ಣ ಲೆಕ್ಕ ಹಾಕೋಣ. ವಾರಕ್ಕೆ ಎರಡು ಪಾಠವೆಂದರೆ ವರ್ಷಕ್ಕೆ ನೂರರ ಮೇಲೆ ನಾಲ್ಕು. ಅದರಲ್ಲಿ ಗೌರಿಗಣೇಶ, ನವರಾತ್ರಿ, ದೀಪಾವಳಿ ಕಳೆಯಿರಿ. ಮಕ್ಕಳ ಪರೀಕ್ಷೆ, ಬಂಧುಗಳ ಮದುವೆ, ನಿಮ್ಮ ನೆಗಡಿ ಕಳೆಯಿರಿ. ಗುರುಗಳು ಕಚೇರಿ ಮಾಡುವವರಾದರೆ ರಾಮೋತ್ಸವದ ತಿಂಗಳು ಅವರು ಮನೆಯಲ್ಲಿ ಇರುವುದಿಲ್ಲ. ಎಪ್ಪತ್ತೈದು ಪಾಠ ಉಳಿದರೆ ಪುಣ್ಯ. ಒಂದು ಗಂಟೆಯ ಆ ಪಾಠದಲ್ಲಿ ಐದಾರು ಜನ ಒಟ್ಟಿಗೆ ಕುಳಿತಿದ್ದರೆ, ನಿಮ್ಮೊಬ್ಬರ ದನಿ ಗುರುಗಳ ಕಿವಿಗೆ ಬೀಳುವುದು ಹತ್ತು ನಿಮಿಷ. ಎಪ್ಪತ್ತೈದು ಸಲ ಹತ್ತು ನಿಮಿಷವೆಂದರೆ ಹನ್ನೆರಡೂವರೆ ಗಂಟೆ. ಒಂದು ಇಡೀ ವರ್ಷದಲ್ಲಿ ನಿಮಗೆ ದಕ್ಕುವ ಗುರುವಿನ ಕಿವಿ ಇಷ್ಟೇ. ಎಂಟನೆಯ ವಯಸ್ಸಿನ ಹುಡುಗಿಗೆ ಇದು ಸಾಲದೆ ಹೋದರೆ ಮುಂದಿನ ವರ್ಷ ಇದೆ, ಅದರ ಮುಂದಿನದೂ ಇದೆ. ಐವತ್ತೆರಡರವರಿಗೆ ವರ್ಷಗಳು ಅಷ್ಟು ಧಾರಾಳವಾಗಿ ಬಿದ್ದಿಲ್ಲ. ಗುರುಗಳನ್ನು ಬದಲಿಸುವುದಾದರೂ, ಇದ್ದಲ್ಲಿಯೇ ಇರುವುದಾದರೂ, ಆ ಹನ್ನೆರಡು ಗಂಟೆ ಏನಾಗುತ್ತಿದೆ ಎಂದು ನೋಡಿಯೇ ನಿಶ್ಚಯಿಸಬೇಕು.

ಅದನ್ನು ನೋಡುವುದಕ್ಕೆ ನಾನು ಹೇಳುವ ಉಪಾಯ ಖರ್ಚಿಲ್ಲದ್ದು. ಒಂದು ನಲವತ್ತು ಹಾಳೆಯ ನೋಟುಬುಕ್ಕು ಇಡಿ. ಪಾಠ ಮುಗಿಸಿ ಮನೆಗೆ ಬಂದು ಚಪ್ಪಲಿ ಬಿಟ್ಟ ಕೂಡಲೆ, ಇಂದು ಗುರುಗಳು ನಿಮ್ಮ ಹಾಡಿಕೆಯಲ್ಲಿ ಏನನ್ನು ತಿದ್ದಿದರೆಂಬುದನ್ನು ಒಂದು ಸಾಲಿನಲ್ಲಿ ಬರೆಯಿರಿ. ಏನನ್ನು ಕಲಿಸಿದರೆಂದಲ್ಲ, ಏನನ್ನು ತಿದ್ದಿದರೆಂದು. "ಮೋಹನದ ಗಾಂಧಾರ ಏರುತ್ತಿದೆ." "ಎರಡನೆಯ ಕಾಲದಲ್ಲಿ ಓಡುತ್ತಿದ್ದೀರಿ." "ಶಬ್ದದ ಕೊನೆಯನ್ನು ನುಂಗುತ್ತಿದ್ದೀರಿ." ಮಾತಿನಲ್ಲಿ ಹೇಳದೆ ಅದೇ ಸಂಗತಿಯನ್ನು ಏಳೆಂಟು ಸಲ ಹಾಡಿಸಿದರೆ ಅದೂ ತಿದ್ದುಪಡಿಯೇ, ಅದನ್ನೂ ಬರೆಯಿರಿ, ನಮ್ಮ ಗುರುಗಳಲ್ಲಿ ಅನೇಕರು ಬಾಯಿಮಾತಿನ ಜಿಪುಣರು. ಹೀಗೆ ಎರಡು ತಿಂಗಳು ಮಾಡಿ, ಆಮೇಲೆ ಒಂದು ಭಾನುವಾರ ಪುಸ್ತಕ ತೆರೆದು ನೋಡಿ.

ಪುಟಗಳು ಬರಿದಾಗಿದ್ದರೆ, ಗುರುಗಳು ಎಷ್ಟೇ ಒಳ್ಳೆಯವರಾಗಿರಲಿ, ಕಾಫಿ ಕೊಟ್ಟು ಆದರಿಸುವವರಾಗಿರಲಿ, ನಿಮ್ಮ ದನಿಯನ್ನು ಕೇಳುತ್ತಿಲ್ಲ. "ಚೆನ್ನಾಗಿದೆ, ಚೆನ್ನಾಗಿದೆ, ಮುಂದಕ್ಕೆ ಹೋಗೋಣ" ಎನ್ನುವ ಗುರುಗಳು ವಯಸ್ಸಾದ ಶಿಷ್ಯರಿಗೆ ಬಹಳ ಸಿಗುತ್ತಾರೆ. ಇದಕ್ಕೆ ಕಾರಣವುಂಟು. ಮಗುವನ್ನು ಗದರುವುದು ಸುಲಭ. ತಮಗಿಂತ ಹತ್ತು ವರ್ಷ ದೊಡ್ಡವರಾದ ನಿವೃತ್ತ ಅಧಿಕಾರಿಯನ್ನು "ಅಪಸ್ವರ" ಎಂದು ನಿಲ್ಲಿಸುವುದು ಮೂವತ್ತರ ಉಪಾಧ್ಯಾಯಿನಿಗೆ ಎಷ್ಟು ಕಷ್ಟ! ಆಕೆ ಮರ್ಯಾದೆಗಾಗಿ ಸುಮ್ಮನಿರುತ್ತಾಳೆ. ಇವರು ತಮಗೆ ವಿದ್ಯೆ ಬಂತೆಂದು ತಿಳಿಯುತ್ತಾರೆ. ಇಬ್ಬರ ಸೌಜನ್ಯದಲ್ಲಿ ವರ್ಷ ಕಳೆಯುತ್ತದೆ.

ಪುಟದ ಮೇಲೆ ಪುಟ ಒಂದೇ ಸಾಲು ಇದ್ದರೆ, "ಓಡುತ್ತಿದ್ದೀರಿ, ಓಡುತ್ತಿದ್ದೀರಿ" ಎಂದೇ ಎರಡು ತಿಂಗಳೂ ಬರೆದಿದ್ದರೆ, ಗುರುಗಳ ಕಿವಿ ನೆಟ್ಟಗಿದೆ. ಮನೆಯಲ್ಲಿ ತಾಳ ಹಾಕಿ ಅಭ್ಯಾಸ ಮಾಡುವವರು ಇಲ್ಲ, ಅಷ್ಟೆ. ಇಂಥವರು ಬೇರೆ ಗುರುಗಳ ಬಳಿ ಹೋದರೆ ಆ ಗುರುಗಳೂ ಅದೇ ಸಾಲನ್ನೇ ಹೇಳುತ್ತಾರೆ, ಪ್ರಾಯಶಃ ಸ್ವಲ್ಪ ಗಟ್ಟಿಯಾಗಿ.

ಸಾಲುಗಳು ಬೇರೆ ಬೇರೆಯಾಗಿದ್ದು, ಮೊದಲ ತಿಂಗಳ ತಪ್ಪು ಎರಡನೆಯ ತಿಂಗಳಲ್ಲಿ ಕಾಣದಿದ್ದರೆ, ನಿಮ್ಮ ಬೇಸರ ಏನೇ ಇರಲಿ, ಅಲ್ಲಿಂದ ಏಳಬೇಡಿ.

ಈ ಲೆಕ್ಕಕ್ಕೆ ಹೊರತಾಗಿ, ಎರಡು ತಿಂಗಳೂ ಕಾಯದೆ ವಿಚಾರಿಸಬೇಕಾದ ಸಂಗತಿ ಒಂದಿದೆ. ಅದು ಶ್ರುತಿ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ವಯಸ್ಕರ ಪಾಠ ಕೆಡುವುದು ಬಹುಮಟ್ಟಿಗೆ ಇಲ್ಲಿಯೇ.

ಹಾರ್ಮೋನಿಯಂನ ಲೆಕ್ಕದಲ್ಲಿ ಗಂಡಸರ ಶ್ರುತಿ ಸಾಮಾನ್ಯವಾಗಿ ಒಂದು ಮನೆಯಿಂದ ಎರಡು ಮನೆಯ ಆಸುಪಾಸು. ಹೆಂಗಸರದು ನಾಲ್ಕೂವರೆಯಿಂದ ಆರರವರೆಗೆ. ಇವೆರಡರ ನಡುವೆ ಐದಾರು ಅಥವಾ ಏಳು ಅರ್ಧಸ್ವರಗಳ ಅಂತರ. ಮಕ್ಕಳಿಗೆ ಐದು ಮನೆಯ ಸುಮಾರು ಒಗ್ಗುವುದರಿಂದ ಸಂಜೆಯ ತರಗತಿಗಳಲ್ಲಿ ಶ್ರುತಿಪೆಟ್ಟಿಗೆಯನ್ನು ಅಲ್ಲಿಗೇ ಇಟ್ಟುಬಿಡುತ್ತಾರೆ. ಆ ತರಗತಿಯ ಮೂಲೆಯಲ್ಲಿ ಕೂತ ನಡುವಯಸ್ಸಿನ ಗಂಡಸು ಏನು ಮಾಡಬೇಕು? ಐದು ಮನೆಯ ಷಡ್ಜವನ್ನು ಮೇಲೆ ಹಿಡಿದರೆ ತಾರಷಡ್ಜ ಕೈಗೆಟುಕುವುದಿಲ್ಲ, ಕೆಳಗೆ ಹಿಡಿದರೆ ಮಂದ್ರಸ್ಥಾಯಿಯಲ್ಲಿ ಗಾಳಿ ಬಿಟ್ಟು ಬೇರೇನೂ ಬರುವುದಿಲ್ಲ. ಆಗ ಆತ ಕಂಠವನ್ನು ಕಿರಿದು ಮಾಡಿ ಕಳ್ಳದನಿಯಲ್ಲಿ ಹಾಡತೊಡಗುತ್ತಾನೆ. ಇದಕ್ಕೆ ಎದುರಾದದ್ದೂ ಉಂಟು. ಗುರುಗಳು ಒಂದು ಮನೆಯ ಗಂಡಸು, ಶಿಷ್ಯೆ ಐದು ಮನೆಯ ಹೆಂಗಸು. ಗುರುಗಳ ಶ್ರುತಿಯಲ್ಲಿಯೇ ಪಾಠ. ಆಕೆಗೆ ಮಧ್ಯಸ್ಥಾಯಿಯ ಷಡ್ಜವೇ ಎತ್ತರದಲ್ಲಿ ಆರಂಭವಾಗುತ್ತದೆ, ತಾರಸ್ಥಾಯಿಗೆ ಹೋಗುವಾಗ ಚೀರುವುದೊಂದೇ ದಾರಿ.

ತನ್ನದಲ್ಲದ ಶ್ರುತಿಯಲ್ಲಿ ವರ್ಷಗಟ್ಟಲೆ ಹಾಡಿದರೆ ಅಪಸ್ವರ ಅಭ್ಯಾಸವಾಗುತ್ತದೆ, ಕಂಠವೂ ಬಳಲುತ್ತದೆ. ಪಾಠದ ಮರುದಿನ ದನಿ ಒಡೆದಿದ್ದರೆ, ನುಂಗುವಾಗ ನೋವಿದ್ದರೆ, ಅದನ್ನು "ಸಾಧನೆಯ ಗುರುತು" ಎಂದು ಭಾವಿಸಬಾರದು. ದನಿಯ ಒಡಕು ಎರಡು ಮೂರು ವಾರಕ್ಕೂ ಮೀರಿ ಉಳಿದರೆ ಮೊದಲು ಕಾಣಬೇಕಾದವರು ಸಂಗೀತದ ಗುರುಗಳಲ್ಲ, ಕಿವಿಮೂಗುಗಂಟಲಿನ ವೈದ್ಯರು. ಇನ್ನೊಂದು ಮಾತು ಹೆಂಗಸರಿಗಾಗಿ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ದನಿ ಕೊಂಚ ಕೆಳಗಿಳಿಯುವುದು ಸಹಜ. ಮೂವತ್ತರಲ್ಲಿ ಐದೂವರೆ ಮನೆಯಲ್ಲಿ ಹಾಡುತ್ತಿದ್ದವರಿಗೆ ಐವತ್ತೈದರಲ್ಲಿ ಐದೋ ನಾಲ್ಕೂವರೆಯೋ ಹಿತವಾದರೆ ಅದರಲ್ಲಿ ಅವಮಾನವೇನೂ ಇಲ್ಲ. ಹಳೆಯ ಶ್ರುತಿಗೇ ಜೋತುಬೀಳುವುದು ಹಳೆಯ ಕುಪ್ಪಸಕ್ಕೆ ಜೋತುಬಿದ್ದಂತೆ.

ನಿಮ್ಮ ಶ್ರುತಿ ಯಾವುದೆಂದು ಮನೆಯಲ್ಲಿಯೇ ಅಂದಾಜು ಮಾಡಬಹುದು. ಪೆಟ್ಟಿಗೆಯಾಗಲಿ, ಈಗ ಎಲ್ಲರ ಕೈಯಲ್ಲಿರುವ ಮೊಬೈಲಿನ ತಂಬೂರಿಯಾಗಲಿ ಇಟ್ಟುಕೊಂಡು ಷಡ್ಜದಿಂದ ನಿಧಾನವಾಗಿ ಕೆಳಗಿಳಿಯಿರಿ. ಮಂದ್ರಪಂಚಮ ಎದುರಿಗೆ ಕುಳಿತವರಿಗೆ ಕೇಳಿಸಬೇಕು. ಮತ್ತೆ ಮೇಲಕ್ಕೆ ಹೋಗಿ. ತಾರಗಾಂಧಾರವನ್ನು ಹುಬ್ಬು ಗಂಟಿಕ್ಕದೆ, ಕುತ್ತಿಗೆಯ ನರ ಉಬ್ಬದೆ ಮುಟ್ಟಬೇಕು. ಎರಡೂ ಆಗುವ ಮನೆ ನಿಮ್ಮದು. ಹೊಸಬರಿಗೆ ಎರಡು ತುದಿಯೂ ಒಟ್ಟಿಗೆ ದಕ್ಕದಿರಬಹುದು. ಅಭ್ಯಾಸದಿಂದ ಅವು ಸ್ವಲ್ಪ ಸ್ವಲ್ಪವಾಗಿ ಬೆಳೆಯುತ್ತವೆ.

ಶ್ರುತಿ ಹೊಂದದಿದ್ದರೆ ಕೂಡಲೆ ಗುರುಗಳನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಮೊದಲು ಕೇಳಬೇಕು. ಎರಡು ಪ್ರಸಂಗಗಳನ್ನು ಹೇಳುತ್ತೇನೆ. ಎರಡೂ ನಾನು ಬಲ್ಲವರವು, ಹೆಸರು ಬೇಡ. ಐವತ್ತರ ಆಸುಪಾಸಿನ ಒಬ್ಬ ಉಪಾಧ್ಯಾಯಿನಿ ಪಿಟೀಲು ವಿದ್ವಾಂಸರೊಬ್ಬರ ಬಳಿ ಹಾಡುಗಾರಿಕೆ ಕಲಿಯುತ್ತಿದ್ದರು. ಪಾಠ ಗುರುಗಳ ಶ್ರುತಿಯಲ್ಲಿ. ಎರಡು ವರ್ಷ ಕಷ್ಟಪಟ್ಟು, ಗುರುಗಳನ್ನು ಬಿಡುವುದೆಂದು ಮನಸ್ಸಿನಲ್ಲಿ ನಿಶ್ಚಯಿಸಿ, ಕೊನೆಗೆ ಯಾರೋ ಹೇಳಿದ್ದರಿಂದ ಒಂದು ದಿನ ಧೈರ್ಯಮಾಡಿ, "ಮೇಷ್ಟ್ರೇ, ನನಗೆ ಐದು ಮನೆಯಲ್ಲಿ ಹೇಳಿಕೊಡಲು ಆಗುತ್ತದೆಯೆ?" ಎಂದು ಕೇಳಿದರು. ಅವರು, "ಇಷ್ಟು ದಿವಸ ಯಾಕಮ್ಮ ಬಾಯಿ ಬಿಡಲಿಲ್ಲ?" ಎಂದು ಶ್ರುತಿ ಬದಲಾಯಿಸಿದರು. ಅಂದಿನಿಂದ ತಾವು ಕೆಳಗಿನ ಸ್ಥಾಯಿಯಲ್ಲಿ ಹಾಡಿಕೊಡುವುದು, ಎತ್ತರದ ಜಾಗಗಳನ್ನು ಪಿಟೀಲಿನಲ್ಲಿ ನುಡಿಸಿ ತೋರಿಸುವುದು. ಆ ಅಮ್ಮ ಈಗಲೂ ಅಲ್ಲಿಯೇ ಕಲಿಯುತ್ತಿದ್ದಾರೆ.

ಇನ್ನೊಬ್ಬರು ಬ್ಯಾಂಕಿನವರು, ಮಕ್ಕಳ ತರಗತಿಯಲ್ಲಿ ಕೂತು ಕಲಿಯುತ್ತಿದ್ದವರು. ಅವರು ಕೇಳಿದಾಗ ಅವರ ಗುರುಗಳು, ವಯಸ್ಸಾದ ಹೆಂಗಸು, ಸ್ವಲ್ಪ ಹೊತ್ತು ಯೋಚಿಸಿ, "ಮಕ್ಕಳನ್ನು ಬಿಟ್ಟು ನಿಮಗೆ ಬೇರೆ ಹೊತ್ತು ಕೊಡಲಾರೆ, ನಿಮ್ಮ ದನಿಗೆ ಗಂಡಸರ ಪಾಠವೇ ಸರಿ" ಎಂದು ತಾವೇ ಒಬ್ಬರ ವಿಳಾಸ ಬರೆದುಕೊಟ್ಟರು. ಅಲ್ಲಿ ಬದಲಾವಣೆ ಬೇಕಿತ್ತು, ಆಯಿತು, ಯಾರ ಮನಸ್ಸೂ ನೋಯಲಿಲ್ಲ. ಎಲ್ಲ ಗುರುಗಳೂ ಇಷ್ಟು ಸರಳವಾಗಿ ಇರುತ್ತಾರೆಂದಲ್ಲ. "ನನಗೇ ಹೇಳಿಕೊಡಲು ಬಂದಿರಾ?" ಎನ್ನುವವರೂ ಇದ್ದಾರೆ. ಅಂಥ ಉತ್ತರ ಬಂದರೆ ನಿಮ್ಮ ಪ್ರಶ್ನೆ ಆ ಮಟ್ಟಿಗೆ ತೀರಿತು. ಆಮೇಲೆ ಬಿಟ್ಟುಬರಲು ಸಂಕೋಚ ಬೇಕಿಲ್ಲ.

ಬದಲಾಯಿಸಲು ಸಾಲದ ಕಾರಣಗಳೂ ಇವೆ. ಜಂಟಿವರಸೆ, ಅಲಂಕಾರಗಳು ಬೇಸರವೆನ್ನುವುದು ಒಂದು. ಬೇಸರವೇ ಸರಿ, ಯಾರು ಇಲ್ಲವೆಂದರು? ಆದರೆ ಯಾವ ಗುರುಗಳೂ ಅವನ್ನು ಹಾರಿಸಿ ಕೃತಿಗೆ ಹೋಗಲಾರರು, ಹಾರಿಸಿದವರ ಬಳಿ ನಿಲ್ಲುವುದೇ ಅಪಾಯ. ಪಕ್ಕದ ಮನೆಯವರು ಒಂದೇ ವರ್ಷದಲ್ಲಿ ಇಪ್ಪತ್ತು ಕೀರ್ತನೆ ಕಲಿತರೆನ್ನುವುದು ಇನ್ನೊಂದು. ಆ ಇಪ್ಪತ್ತರಲ್ಲಿ ಒಂದನ್ನು ಶ್ರುತಿ ಇಟ್ಟು, ತಾಳ ಹಾಕಿ, ಪುಸ್ತಕ ನೋಡದೆ ಹಾಡಿಸಿ ನೋಡಬೇಕು. ಜೂನಿಯರ್ ಪರೀಕ್ಷೆ, ಸೀನಿಯರ್ ಪರೀಕ್ಷೆಗಳ ಮಾತನ್ನು ನಾನು ಹೆಚ್ಚು ಆಡುವುದಿಲ್ಲ. ಪರೀಕ್ಷೆ ಬೇಕಾದವರಿಗೆ ಅದಕ್ಕೆ ಸಿದ್ಧಪಡಿಸುವ ಗುರುಗಳೇ ಬೇಕು, ಆದರೆ ನಡುವಯಸ್ಸಿನಲ್ಲಿ ಆ ಸರ್ಟಿಫಿಕೇಟು ಯಾವ ಗೋಡೆಗೆ ಎಂಬುದನ್ನು ಒಮ್ಮೆ ಕೇಳಿಕೊಳ್ಳಬೇಕು.

ಹೆಸರಾಂತ ವಿದ್ವಾಂಸರ ಬಳಿ ಹೋಗಬೇಕೆಂಬ ಆಸೆಯೂ ಹೀಗೆಯೇ. ದೊಡ್ಡ ಹೆಸರಿನವರ ಮನೆಯಲ್ಲಿ ಆರಂಭದ ಶಿಷ್ಯರಿಗೆ ಪಾಠ ಹೇಳುವುದು ಎಷ್ಟೋ ಸಲ ಅವರ ಹಿರಿಯ ಶಿಷ್ಯರು. ಅದು ಕೆಟ್ಟದ್ದಲ್ಲ, ಆ ಹಿರಿಯ ಶಿಷ್ಯರ ಕಿವಿ ಚುರುಕಾಗಿರಬಹುದು. ಆದರೆ ನೀವು ಬಿಟ್ಟುಬಂದದ್ದು ಬೀದಿಯ ತುದಿಯಲ್ಲಿ ನಿಮ್ಮೊಬ್ಬರನ್ನು ಎದುರಿಗೆ ಕೂರಿಸಿ ಅರ್ಧಗಂಟೆ ಕೇಳುತ್ತಿದ್ದ ಗುರುಗಳನ್ನಾಗಿದ್ದರೆ ಲೆಕ್ಕದಲ್ಲಿ ನಷ್ಟವೇ.

ವರ್ಗವಾಗಿ ಬೇರೆ ಊರಿಗೆ ಹೋದವರು, ಮಕ್ಕಳ ಮನೆಯೆಂದು ಹೊರದೇಶದಲ್ಲಿ ಆರು ತಿಂಗಳು ಇರುವವರು ಈಗ ಮೊಬೈಲಿನ ಪರದೆಯ ಮೇಲೆ ಹಳೆಯ ಗುರುಗಳಿಂದಲೇ ಪಾಠ ಹೇಳಿಸಿಕೊಳ್ಳುತ್ತಾರೆ. ದನಿ ತಲುಪುವಾಗ ಕ್ಷಣಕಾಲ ತಡವಾಗುವುದರಿಂದ ಇಬ್ಬರೂ ಕೂಡಿ ಹಾಡಲಾಗುವುದಿಲ್ಲ, ಒಟ್ಟಿಗೆ ತಾಳ ಹಾಕಲೂ ಆಗುವುದಿಲ್ಲ. ಒಬ್ಬರು ಹಾಡಿ ನಿಲ್ಲಿಸಿದ ಮೇಲೆ ಇನ್ನೊಬ್ಬರು ಹಾಡಬೇಕು. ವಿಚಿತ್ರವೆಂದರೆ ಕೆಲವು ವಯಸ್ಕರಿಗೆ ಇದರಿಂದಲೇ ಉಪಕಾರವಾಗಿದೆ. ಗುಂಪಿನ ದನಿಯಲ್ಲಿ ಅಡಗಿಕೊಳ್ಳಲು ಜಾಗವಿಲ್ಲ, ಗುರುಗಳು ಒಂಟಿ ದನಿಯನ್ನು ಕೇಳಲೇಬೇಕು.

ನಿಜವಾದ ಕಾರಣಗಳಲ್ಲಿ ಇನ್ನೊಂದನ್ನು ಹೇಳದೆ ಬಿಟ್ಟರೆ ಅನ್ಯಾಯವಾಗುತ್ತದೆ. ಹತ್ತು ವರ್ಷ ಕಲಿತು ಐವತ್ತು ಕೃತಿ ಪಾಠವಾಗಿದೆ; ಆದರೂ ನಾಲ್ಕು ಸಾಲು ಆಲಾಪನೆಗೆ, ಒಂದು ಆವರ್ತ ಕಲ್ಪನಾಸ್ವರಕ್ಕೆ ಬಾಯಿ ತೆರೆಯುವುದಿಲ್ಲ. ಕೇಳಿದರೆ ಗುರುಗಳು ಐವತ್ತೊಂದನೆಯ ಕೃತಿ ಎತ್ತಿಕೊಳ್ಳುತ್ತಾರೆ. ಅವರಿಗೆ ಮನೋಧರ್ಮ ಹೇಳಿಕೊಡಲು ಬರುವುದಿಲ್ಲ, ಅಥವಾ ನಿಮ್ಮ ವಯಸ್ಸಿಗೆ ಅದು ಬೇಡವೆಂದು ಅವರೇ ನಿಶ್ಚಯಿಸಿದ್ದಾರೆ. ಇಲ್ಲಿ ನೀವು ಮೊದಲ ಗುರುಗಳಿಂದ ಪಡೆಯುವುದನ್ನು ಪಡೆದಾಗಿದೆ, ಮುಂದೆ ಬೇಕಾದುದೂ ಗೊತ್ತಿದೆ. ಮನ್ಸೂರರ ಉದಾಹರಣೆಯನ್ನು ಎತ್ತಿಕೊಳ್ಳುವ ಹಕ್ಕು ಇಂಥ ಸ್ಥಿತಿಯವರಿಗೆ ಉಂಟು. ಆದರೂ ಅಲ್ಲಿಯ ಪಾಠ ಬಿಡದೆ, ಅವರ ಒಪ್ಪಿಗೆ ಪಡೆದು, ಇನ್ನೊಬ್ಬರ ಬಳಿ ತಿಂಗಳಿಗೆ ಎರಡು ಸಲ ಇದಕ್ಕಾಗಿಯೇ ಹೋಗಬಹುದೇ ಎಂದು ಮೊದಲು ವಿಚಾರಿಸಿ. ಒಪ್ಪುವವರು ನೀವು ಎಣಿಸಿರುವುದಕ್ಕಿಂತ ಹೆಚ್ಚು ಜನ ಇದ್ದಾರೆ. ಗುಟ್ಟಾಗಿ ಹೋಗುವುದು ಮಾತ್ರ ಬೇಡ. ಸಂಗೀತದವರ ಊರು ಎಷ್ಟು ದೊಡ್ಡದಾದರೂ ಸಣ್ಣದೇ. ಸೋಮವಾರ ಹೋದದ್ದು ಗುರುವಾರದೊಳಗೆ ತಿಳಿಯುತ್ತದೆ.

ಬದಲಾವಣೆಯ ಬೆಲೆಯನ್ನೂ ತಿಳಿದಿರಬೇಕು. ಹೊಸ ಗುರುಗಳು ನಿಮ್ಮನ್ನು ಒಂದು ಸಲ ಹಾಡಿಸಿ ಕೇಳಿ, "ಮೊದಲಿನಿಂದ ಬರೋಣ" ಎನ್ನುವುದು ಖಂಡಿತ. ಮಾಯಾಮಾಳವಗೌಳದಲ್ಲಿ ಸರಳೆವರಸೆ, ಮೂರು ಕಾಲ. ವರ್ಣಗಳನ್ನು ಹಾಡುತ್ತಿದ್ದವರಿಗೆ ಇದು ಮುಖಭಂಗವೆನ್ನಿಸುತ್ತದೆ. ಆರು ತಿಂಗಳಿಂದ ಒಂದು ವರ್ಷ ಇದಕ್ಕೆ ಹೋಗುತ್ತದೆಂದು ಮೊದಲೇ ಎಣಿಸಿಕೊಂಡಿರಿ. ಪಾಠಾಂತರವೂ ಬೇರೆ. ನಿಮಗೆ ಐದು ಸಂಗತಿಗಳಿದ್ದ ಪಲ್ಲವಿಗೆ ಇಲ್ಲಿ ಮೂರೇ ಇರಬಹುದು, ಎಡುಪು ಬೇರೆ ಇರಬಹುದು, ಒಂದು ಸ್ವರ ನೀವು ಹಿಡಿಯುವಂತೆ ಇವರು ಹಿಡಿಯದಿರಬಹುದು. "ನಮ್ಮ ಹಳೆಯ ಮೇಷ್ಟ್ರು ಹೀಗೆ ಹೇಳಿದ್ದರು" ಎಂದು ವಾರಕ್ಕೊಮ್ಮೆ ಹೇಳುವ ಶಿಷ್ಯನನ್ನು ಯಾವ ಗುರುಗಳೂ ಬಹಳ ಕಾಲ ಸಹಿಸಲಾರರು. ಸೇರುವ ಮೊದಲೇ ಅವರ ಮನೆಯಲ್ಲಿ ಒಂದು ಪಾಠದ ಹೊತ್ತು ಸುಮ್ಮನೆ ಕುಳಿತು ಕೇಳಲು ಅನುಮತಿ ಬೇಡಿ. ಆಗ ಅವರು ಹಾಡುವುದನ್ನು ಗಮನಿಸುವುದಕ್ಕಿಂತ, ಶಿಷ್ಯರು ಹಾಡುವಾಗ ಅವರು ಏನು ಮಾಡುತ್ತಾರೆಂದು ನೋಡಿ. ನಿಲ್ಲಿಸುತ್ತಾರೆಯೆ? ಎಲ್ಲಿ ನಿಲ್ಲಿಸುತ್ತಾರೆ? ಪತ್ರಿಕೆ ತಿರುವುತ್ತಾರೆಯೆ? ಈಗಿನ ಕಾಲಕ್ಕೆ ಪತ್ರಿಕೆಯೆಂದರೆ ಮೊಬೈಲು.

ಬಿಡುವ ಕ್ರಮದ ಬಗ್ಗೆ ಒಂದೆರಡು ಮಾತು. ಪಾಠಕ್ಕೆ ಬರುವುದನ್ನು ಒಮ್ಮೆಲೇ ನಿಲ್ಲಿಸಿ, ಫೋನು ಬಂದರೆ "ಮನೆಯಲ್ಲಿ ಅಡಚಣೆ" ಎಂದು ತಿಂಗಳುಗಟ್ಟಲೆ ಹೇಳುವುದು ನಮ್ಮಲ್ಲಿ ಬಹಳ ರೂಢಿ. ಗುರುಗಳಿಗೆ ಅದರಿಂದ ಆಗುವ ನೋವು ನೇರವಾಗಿ ಹೇಳಿದರೆ ಆಗುವುದಕ್ಕಿಂತ ಹೆಚ್ಚು. ಆ ಪಾಠದ ಹೊತ್ತನ್ನು ಅವರು ಇನ್ನೊಬ್ಬರಿಗೆ ಕೊಡಲೂ ಆಗುವುದಿಲ್ಲ. ತಿಂಗಳ ಕೊನೆಯಲ್ಲಿ ಹೋಗಿ, ಸಲ್ಲಬೇಕಾದುದನ್ನು ಸಲ್ಲಿಸಿ, ಫಲತಾಂಬೂಲ ಕೊಟ್ಟು ನಮಸ್ಕರಿಸಿ, ಕಾರಣವನ್ನು ಒಂದೇ ವಾಕ್ಯದಲ್ಲಿ ಹೇಳಿ. ಶ್ರುತಿಯಾದರೆ ಶ್ರುತಿ, ಆಲಾಪನೆಯಾದರೆ ಆಲಾಪನೆ. ಹತ್ತು ವರ್ಷದ ಅಸಮಾಧಾನದ ಪಟ್ಟಿಯನ್ನು ಅಂದು ಓದಬೇಕಾದ್ದಿಲ್ಲ. ಹೊಸ ಗುರುಗಳ ಹೆಸರನ್ನು ಅವರು ಕೇಳಿದರೆ ಮರೆಮಾಚಬೇಡಿ.

ಹಳೆಯ ಪಾಠದ ಪುಸ್ತಕಗಳನ್ನು ಎತ್ತಿಡಿ. ಮೊದಲ ವರ್ಷ ಅವನ್ನು ಹೊಸ ಗುರುಗಳ ಮನೆಗೆ ಒಯ್ಯುವ ಅಗತ್ಯವಿಲ್ಲ. ಅವುಗಳಲ್ಲಿ ನಿಮಗೆ ಪ್ರಿಯವಾದ ಎರಡು ಕೃತಿಗಳನ್ನು ಹಳೆಯ ಪಾಠಾಂತರದಲ್ಲಿಯೇ, ಒಂದು ಸಂಗತಿಯನ್ನೂ ಬದಲಿಸದೆ, ಮನೆಯಲ್ಲಿ ಹಾಡಿಕೊಳ್ಳುತ್ತಾ ಇರಿ. ಹಳೆಯ ಗುರುಗಳು ಯಾವಾಗಲಾದರೂ ಎದುರಾಗಿ, "ಹಾಡ್ತಾ ಇದ್ದೀಯೇನಮ್ಮ?" ಎಂದು ಕೇಳಿದರೆ, ಯಾವುದನ್ನು ಎಂದು ಹೇಳಲು ಬಾಯಿ ಬರುತ್ತದೆ.